ಕಂಪ್ಯೂಟರ್ ಇದ್ದಕ್ಕಿದ್ದಂತೆ ಬಿದ್ದರೆ: ಬೀಳಿಸಿದ್ದು ಡ್ರೈವರೋ, ಬಿಡಿಭಾಗವೋ?

ತಿಂಗಳ 20ನೇ ತಾರೀಕು, ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಕೊನೆಯ ದಿನ. ಅಂಕಿಗಳನ್ನೆಲ್ಲ ತುಂಬಿ ಮುಗಿಯುವ ಹೊತ್ತಿಗೆ ಪರದೆ ನೀಲಿಯಾಗುತ್ತದೆ. ಒಂದು ಸಪ್ಪೆ ಮೋರೆ, ಅದರ ಕೆಳಗೆ ತಲೆಬುಡ ತಿಳಿಯದ ಇಂಗ್ಲಿಷ್ ಪದಗಳು. ಓದಿ ಮುಗಿಸುವಷ್ಟರಲ್ಲಿ ಯಂತ್ರ ಏನೂ ಆಗೇ ಇಲ್ಲವೆಂಬಂತೆ ಮತ್ತೆ ಶುರುವಾಗಿರುತ್ತದೆ. ಎರಡು ದಿನ ಸರಿಯಿದ್ದು ಮೂರನೇ ದಿನ ಮತ್ತೆ ಬೀಳುತ್ತದೆ (ಕ್ರ್ಯಾಶ್ ಆಗುತ್ತದೆ), ಅದೇ ಗೋಳು. ಅಂಗಡಿಗೆ ಹೊತ್ತೊಯ್ದರೆ ಅಲ್ಲಿ ಮಾತ್ರ ಗಂಟೆಗಟ್ಟಲೆ ತೆಪ್ಪಗೆ ಓಡುತ್ತದೆ, ಡಾಕ್ಟರ ಎದುರು ಕೂತೊಡನೆ ಮಾಯವಾಗುವ ಹಲ್ಲುನೋವಿನ ಹಾಗೆ.

"ಫಾರ್ಮ್ಯಾಟ್ ಮಾಡಿಬಿಡೋಣ ಸಾರ್" ಎನ್ನುವುದು ಇದಕ್ಕೆ ಸಿಗುವ ಮಾಮೂಲಿ ಉತ್ತರ. ಅದು ಫಲಿಸುವುದೂ ಉಂಟು. ಆದರೆ ರ‍್ಯಾಮ್ (ಯಂತ್ರದ ತಾತ್ಕಾಲಿಕ ಮೆಮೊರಿ) ಕೆಟ್ಟಿದ್ದರೆ ಹತ್ತು ಸಲ ಫಾರ್ಮ್ಯಾಟ್ ಮಾಡಿದರೂ ಹನ್ನೊಂದನೇ ಸಲ ಬಿದ್ದೇ ಬೀಳುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರವನ್ನೇ 11ಕ್ಕೆ ಏರಿಸಿಕೊಂಡವರ ಮನೆಯಲ್ಲಿ ಈಗ ಹೊಸ ವ್ಯವಸ್ಥೆ, ಹಳೆಯ ಡ್ರೈವರ್, ವಯಸ್ಸಾದ ಬಿಡಿಭಾಗ ಮೂರೂ ಒಟ್ಟಿಗೆ ಸಂಸಾರ ಮಾಡುತ್ತಿವೆ. ಯಾರಿಂದ ಜಗಳ ಶುರುವಾಯಿತೆಂದು ಪತ್ತೆ ಮಾಡುವ ದಾರಿ ಗೊತ್ತಿದ್ದರೆ ಅರ್ಧ ಕೆಲಸ ಮನೆಯಲ್ಲೇ ಆಗುತ್ತದೆ.

## ನೀಲಿ ಪರದೆ ಬರುವುದೇಕೆ

ದೇವಸ್ಥಾನವೊಂದನ್ನು ನೆನೆಸಿಕೊಳ್ಳಿ. ಬ್ರೌಸರ್, ಟ್ಯಾಲಿ, ನುಡಿ ಮೊದಲಾದ ತಂತ್ರಾಂಶಗಳು ಪ್ರಾಂಗಣದಲ್ಲಿ ಓಡಾಡುವ ಭಕ್ತರು. ಅವರಲ್ಲೊಬ್ಬರು ತಲೆತಿರುಗಿ ಬಿದ್ದರೆ ಎತ್ತಿ ಹೊರಗೆ ಕೂರಿಸಿದರಾಯಿತು, ಪೂಜೆ ನಿಲ್ಲುವುದಿಲ್ಲ. "ಈ ಪ್ರೋಗ್ರಾಂ ಕೆಲಸ ನಿಲ್ಲಿಸಿದೆ" ಎಂಬ ಚಿಕ್ಕ ಸಂದೇಶ ಬಂದು ಹೋಗುತ್ತದಲ್ಲ, ಅದು ಇದೇ. ಗರ್ಭಗುಡಿಯ ಜಾಗದಲ್ಲಿರುವುದು ಕರ್ನಲ್, ಅಂದರೆ ವಿಂಡೋಸ್‌ನ ತಿರುಳು. ಮೆಮೊರಿ, ಪ್ರೊಸೆಸರ್, ಡಿಸ್ಕ್ ಯಾರಿಗೆ ಎಷ್ಟು ಹೊತ್ತು ಸಿಗಬೇಕೆಂದು ಹಂಚುವುದು ಅದರ ಕೆಲಸ.

ಇನ್ನು ಡ್ರೈವರ್. ಯಂತ್ರದ ಒಂದೊಂದು ಭಾಗಕ್ಕೂ ಕರ್ನಲ್‌ಗೂ ನಡುವೆ ನಿಂತ ದುಭಾಷಿ ಅದು. ಗ್ರಾಫಿಕ್ಸ್ ಕಾರ್ಡ್, ವೈಫೈ, ಧ್ವನಿ, ಆಂಟಿವೈರಸ್ ಎಲ್ಲಕ್ಕೂ ತಮ್ಮ ತಮ್ಮ ಡ್ರೈವರ್‌ಗಳಿವೆ. ಅವನ್ನು ಬರೆಯುವವರು ಬಹುಮಟ್ಟಿಗೆ ಆಯಾ ಕಂಪನಿಯವರು. ಆದರೆ ಅವುಗಳಲ್ಲಿ ಅನೇಕಕ್ಕೆ ಗರ್ಭಗುಡಿಯೊಳಗೇ ಪ್ರವೇಶ. ಒಳಗೆ ಹೋದವರು ಮುಟ್ಟಬಾರದ್ದನ್ನು ಮುಟ್ಟಿದರೆ ಕರ್ನಲ್‌ಗೆ ಯಾವುದನ್ನು ನಂಬಬೇಕೆಂದೇ ತಿಳಿಯದಾಗುತ್ತದೆ. ಹಾಗೇ ಮುಂದುವರಿದರೆ ನಿಮ್ಮ ಫೈಲುಗಳ ಮೇಲೆ ಕಸ ಬರೆದುಬಿಡುವ ಅಪಾಯ. ಅದಕ್ಕೇ ಅದು ಬಾಗಿಲು ಹಾಕಿ, ಒಂದು ಚೀಟಿ ಬರೆದಿಟ್ಟು, ಎಲ್ಲವನ್ನೂ ನಿಲ್ಲಿಸುತ್ತದೆ. ಆ ಚೀಟಿಯೇ ನೀಲಿ ಪರದೆ. 2025ರಲ್ಲಿ ವಿಂಡೋಸ್ 11 ಅದನ್ನು ಕಪ್ಪು ಮಾಡಿತು, ಸಪ್ಪೆ ಮೋರೆಯನ್ನೂ ತೆಗೆಯಿತು. ಕೆಲಸ ಮಾತ್ರ ಅದೇ.

ಇಂಥ ಒಂದು ತಪ್ಪಿನ ಬೆಲೆ ಎಷ್ಟೆಂದು ಜಗತ್ತು ನೋಡಿದ್ದು 2024ರ ಜುಲೈ 19ರಂದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ತಂತ್ರಾಂಶ ಕರ್ನಲ್‌ನೊಳಗೆ ಕೂತು ಕಾವಲು ಕಾಯುವಂಥದ್ದು. ಅದಕ್ಕೆ ಬಂದ ಹೊಸ ಮಾಹಿತಿ ಫೈಲು 21ನೇ ಅಂಶವೊಂದನ್ನು ನೋಡಲು ಹೇಳಿತು, ಆದರೆ ತಂತ್ರಾಂಶದ ಕೈಗೆ ಕೊಟ್ಟಿದ್ದ ಅಂಶಗಳು 20 ಮಾತ್ರ. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ಅದು ಬೇರೆಯವರ ಜಾಗಕ್ಕೆ ಕೈ ಹಾಕಿತು. ಮೈಕ್ರೋಸಾಫ್ಟ್ ಅಂದಾಜಿನಲ್ಲಿ 85 ಲಕ್ಷ ಯಂತ್ರಗಳು ಬಿದ್ದವು. ಬೆಂಗಳೂರು ಸೇರಿದಂತೆ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಚೆಕ್-ಇನ್ ಕಾಗದ-ಪೆನ್ನಿಗೆ ಇಳಿಯಿತು, ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಆ ಯಂತ್ರಗಳ ಯಾವ ಬಿಡಿಭಾಗವೂ ಕೆಟ್ಟಿರಲಿಲ್ಲ.

## ಚೀಟಿಯಲ್ಲಿರುವ ಹೆಸರನ್ನು ಎಷ್ಟು ನಂಬಬೇಕು

ಇದಕ್ಕೆ ತದ್ವಿರುದ್ಧದ ಪ್ರಕರಣವೂ ಅದೇ ಆಸುಪಾಸಿನಲ್ಲಿ ನಡೆಯಿತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಕೊಂಡವರಲ್ಲಿ ಹಲವರು, ಅದರಲ್ಲೂ ದುಬಾರಿ ಐ9 ಕೊಂಡವರು, ಆಟ ತೆರೆದೊಡನೆ ಯಂತ್ರ ಬೀಳುವುದನ್ನು ಕಂಡರು. ಪರದೆಯ ಮೇಲೆ ಬರುತ್ತಿದ್ದ ದೂರು "ವೀಡಿಯೊ ಮೆಮೊರಿ ಸಾಲದು" ಎಂದು. ಓದಿದವರೆಲ್ಲ ಸಹಜವಾಗಿ ಗ್ರಾಫಿಕ್ಸ್ ಕಾರ್ಡನ್ನು ಅನುಮಾನಿಸಿದರು. ಡ್ರೈವರ್ ಬದಲಿಸಿದರು, ಹಿಂದಿನ ಆವೃತ್ತಿಗೆ ಹೋದರು, ಕಾರ್ಡನ್ನೇ ಬದಲಿಸಿದವರೂ ಇದ್ದರು. ಕಡೆಗೆ 2024ರ ಏಪ್ರಿಲ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನ ಕಂಪನಿಯಾದ ಎನ್‌ವಿಡಿಯಾವೇ ಇಂಥ ಗ್ರಾಹಕರಿಗೆ ಇಂಟೆಲ್ ಅನ್ನು ವಿಚಾರಿಸಿ ಎಂದು ಹೇಳಬೇಕಾಯಿತು.

ಕುಳಿತಲ್ಲೇ ಸವೆಯುತ್ತಿದ್ದದ್ದು ಪ್ರೊಸೆಸರ್. ಅದು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು. ಆ ವೋಲ್ಟೇಜ್ ಮತ್ತು ಬಿಸಿ ಸೇರಿ ಒಳಗೆ ತಾಳ ಹಿಡಿಯುವ ಸರ್ಕೀಟನ್ನು ಅಕಾಲದಲ್ಲಿ ಮುದಿಯಾಗಿಸುತ್ತಿದ್ದವು. ತಾಳ ತಪ್ಪಿದ ಪ್ರೊಸೆಸರ್ ಲೆಕ್ಕ ತಪ್ಪುತ್ತಿತ್ತು; ಅದರ ತಪ್ಪು ಲೆಕ್ಕವನ್ನು ನಂಬಿದ ಆಟ ಮೆಮೊರಿ ಸಾಲದೆಂದು ಬೊಬ್ಬೆ ಹಾಕುತ್ತಿತ್ತು. ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಇಂಟೆಲ್ ತಿದ್ದುಪಡಿಗಳನ್ನು ಕೊಟ್ಟು ವಾರಂಟಿಯನ್ನು 2 ವರ್ಷ ಹೆಚ್ಚಿಸಿತು. ತಿದ್ದುಪಡಿ ಮುಂದಿನ ಸವೆತ ತಡೆಯುವುದಕ್ಕೆ ಮಾತ್ರ, ಆಗಲೇ ಸವೆದ ಚಿಪ್ಪು ಚೇತರಿಸಿಕೊಳ್ಳುವುದಿಲ್ಲ. ಅಂಥ ಪ್ರೊಸೆಸರ್ ಇರುವವರು ಮದರ್‌ಬೋರ್ಡ್ ಕಂಪನಿಯ ತಾಣದಿಂದ ಬಯೋಸ್ (ಯಂತ್ರ ಶುರುವಾಗುವಾಗ ಮೊದಲು ಓಡುವ ತಂತ್ರಾಂಶ) ನವೀಕರಿಸಿಕೊಳ್ಳುವುದು ಈಗಲೂ ಬಾಕಿಯಿದ್ದರೆ ಮೊದಲ ಕೆಲಸ ಅದೇ.

ಇಲ್ಲಿಂದ ಹಿಡಿದುಕೊಳ್ಳಬೇಕಾದ ಎಳೆ ಇಷ್ಟು: ಚೀಟಿ ಹೇಳುವುದು ಎಡವಿ ಬಿದ್ದ ಜಾಗವನ್ನು. ತಳ್ಳಿದವರು ಬೇರೆ ಇರಬಹುದು.

## ಹೇಗೆ ಬಿದ್ದಿತು ಎಂಬುದೇ ಮೊದಲ ಸುಳಿವು

ಬೀಳುವುದರಲ್ಲೂ ಬಗೆಗಳಿವೆ. ಪರದೆಯ ಮೇಲೆ ದೋಷದ ಸಂಕೇತ ತೋರಿಸಿ ಬಿದ್ದರೆ ಕರ್ನಲ್‌ಗೆ ಚೀಟಿ ಬರೆಯಲು ಪುರುಸೊತ್ತು ಸಿಕ್ಕಿದೆ ಎಂದರ್ಥ. ಡ್ರೈವರ್, ರ‍್ಯಾಮ್, ಡಿಸ್ಕ್ ಕಡೆ ನೋಡಬೇಕು. ಸ್ವಿಚ್ ಆರಿಸಿದಂತೆ ಫಕ್ಕನೆ ಕತ್ತಲಾದರೆ ಅನುಮಾನ ಕರೆಂಟಿನ ಮೇಲೆ, ಇಲ್ಲವೇ ಬಿಸಿಯ ಮೇಲೆ. ಚಿತ್ರ ಹೆಪ್ಪುಗಟ್ಟಿ, ಸ್ಪೀಕರಿನಿಂದ ಜೀರುಂಡೆ ಸದ್ದು ಬಂದು, ಮೌಸೂ ಅಲ್ಲಾಡದಿದ್ದರೆ ಗ್ರಾಫಿಕ್ಸ್, ಡಿಸ್ಕ್, ರ‍್ಯಾಮ್ ಮೂರೂ ಪಟ್ಟಿಯಲ್ಲಿರುತ್ತವೆ.

ಒಂದು ಹಳೆಯ ನೋಟ್‌ಬುಕ್ ಪಕ್ಕಕ್ಕಿಟ್ಟುಕೊಳ್ಳಿ. ಯಾವ ಹೊತ್ತು, ಏನು ಮಾಡುತ್ತಿದ್ದಿರಿ, ಯಾವ ಸಂಕೇತ ಬಂತು, ಅದಕ್ಕೆ ಮುಂಚಿನ ವಾರದಲ್ಲಿ ಏನು ಹೊಸದಾಗಿ ಸೇರಿತು. ನಾಲ್ಕು ಸಾಲು ಸಾಕು. ಐದಾರು ಸಲ ಬಿದ್ದ ಮೇಲೆ ಆ ಪುಟ ತಾನೇ ಮಾತಾಡುತ್ತದೆ. ಪ್ರತಿ ಸಲವೂ ಅದೇ ಸಂಕೇತ, ಅದೇ ಫೈಲಿನ ಹೆಸರು ಬಂದರೆ ಡ್ರೈವರಿನ ಮೇಲೆ ಅನುಮಾನ ಬಲವಾಗುತ್ತದೆ. ಒಂದೊಂದು ಸಲ ಒಂದೊಂದು ಹೆಸರು, ಇವತ್ತು ವೈಫೈ, ನಾಳೆ ಧ್ವನಿ, ನಾಡಿದ್ದು ಡಿಸ್ಕ್ ಎಂದು ಬಂದರೆ ಅಷ್ಟೂ ಡ್ರೈವರ್‌ಗಳು ಒಟ್ಟಿಗೆ ಕೆಟ್ಟಿರುವುದು ಅಪರೂಪ. ಎಲ್ಲರೂ ತುಳಿಯುವ ನೆಲವೇ, ಬಹುತೇಕ ರ‍್ಯಾಮ್, ಟೊಳ್ಳಾಗಿರುತ್ತದೆ.

ಸಂಕೇತ ಓದಲು ಸಮಯ ಸಿಗದಿದ್ದರೆ ಸಿಸ್ಟಂ ಪ್ರಾಪರ್ಟೀಸ್‌ನ ಸ್ಟಾರ್ಟಪ್ ಅಂಡ್ ರಿಕವರಿ ವಿಭಾಗದಲ್ಲಿ ತಾನಾಗಿ ರೀಸ್ಟಾರ್ಟ್ ಆಗುವ ಆಯ್ಕೆಯ ಗುರುತು ತೆಗೆಯಿರಿ. ಆಮೇಲೆ ಪರದೆ ನಿಂತೇ ಇರುತ್ತದೆ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಬಹುದು. ಹೆಚ್ಚಾಗಿ ಕಾಣುವ ಕೆಲವು ಹೀಗಿವೆ. ಐಆರ್‌ಕ್ಯುಎಲ್ ನಾಟ್ ಲೆಸ್ ಆರ್ ಈಕ್ವಲ್ ಎಂದಿದ್ದರೆ ಯಾವುದೋ ಡ್ರೈವರ್ ತನ್ನದಲ್ಲದ ಮೆಮೊರಿಗೆ ಕೈ ಹಾಕಿದೆ, ಅಥವಾ ರ‍್ಯಾಮ್ ಅದಕ್ಕೆ ತಪ್ಪು ವಿಳಾಸ ಕೊಟ್ಟಿದೆ. ವೀಡಿಯೊ ಟಿಡಿಆರ್ ಫೇಲ್ಯೂರ್ ಎಂದರೆ ಗ್ರಾಫಿಕ್ಸ್ ಕಾರ್ಡ್ ಮಂಕಾಗಿ ಕೂತಿದೆ: ವಿಂಡೋಸ್ ಅದರ ಉತ್ತರಕ್ಕೆ 2 ಸೆಕೆಂಡ್ ಕಾಯುತ್ತದೆ, ಬಾರದಿದ್ದರೆ ಎಬ್ಬಿಸಲು ನೋಡುತ್ತದೆ, ಆಗಲೂ ಏಳದಿದ್ದರೆ ಈ ಚೀಟಿ. ಡಬ್ಲ್ಯುಎಚ್‌ಇಎ ಅನ್‌ಕರೆಕ್ಟಬಲ್ ಎರರ್ ಎಂದರೆ ದೂರು ಕೊಟ್ಟಿರುವುದು ಸ್ವತಃ ಯಂತ್ರಾಂಶ, ಹಾಗಾಗಿ ತಂತ್ರಾಂಶವನ್ನು ಕೆದಕುವ ಮುಂಚೆ ಬಿಸಿ, ವೋಲ್ಟೇಜ್, ಪ್ರೊಸೆಸರ್ ನೋಡುವುದು ಒಳ್ಳೆಯದು.

## ವಿಂಡೋಸ್ ಬರೆದಿಟ್ಟ ದಿನಚರಿ

ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ಬಂದ ಪಟ್ಟಿಯಲ್ಲಿ ಈವೆಂಟ್ ವ್ಯೂವರ್ ತೆರೆಯಿರಿ. ಕೆಂಪು ಗುರುತುಗಳ ರಾಶಿ ಕಂಡು ಗಾಬರಿ ಬೇಡ. ಆರೋಗ್ಯವಾಗಿರುವ ಯಂತ್ರದಲ್ಲೂ ಅವು ಇರುತ್ತವೆ. ಬಿದ್ದ ಹೊತ್ತಿನ ಹಿಂದುಮುಂದು ಏನಿದೆ ಎಂದಷ್ಟೇ ನೋಡಬೇಕು. ಈ ಜಂಜಾಟ ಬೇಡವೆನ್ನುವವರು ಸ್ಟಾರ್ಟ್‌ನಲ್ಲಿ ರಿಲಯಬಿಲಿಟಿ ಎಂದು ಹುಡುಕಿದರೆ ದಿನವಾರು ನಕ್ಷೆಯೊಂದು ಸಿಗುತ್ತದೆ. ಯಾವ ದಿನ ಯಾವ ಅಪ್‌ಡೇಟ್ ಬಂತು, ಯಾವ ದಿನದಿಂದ ಬೀಳಲು ಶುರುವಾಯಿತು ಎಂಬುದು ಅಲ್ಲಿ ಒಂದೇ ನೋಟಕ್ಕೆ ಕಾಣುತ್ತದೆ. ಇದ್ದೂ ಯಾರೂ ಬಳಸದ ಸೌಲಭ್ಯಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡಬೇಕು.

ದಾರಿ ತಪ್ಪಿಸುವ ಎರಡು ಹೆಸರುಗಳಿವೆ. ಒಂದು, ಕರ್ನಲ್ ಪವರ್ 41. ಹೆಸರಲ್ಲಿ ಪವರ್ ಇದೆಯೆಂದು ಯಂತ್ರಕ್ಕೆ ಕರೆಂಟು ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಬದಲಿಸಿ ದುಡ್ಡು ಕಳೆದುಕೊಂಡವರಿದ್ದಾರೆ. ಹಿಂದಿನ ಸಲ ಯಂತ್ರ ಸರಿಯಾಗಿ ಮುಚ್ಚಲಿಲ್ಲ ಎಂದಷ್ಟೇ ಅದರ ಅರ್ಥ, ಕಾರಣ ಏನೂ ಇರಬಹುದು. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ (ನೀಲಿ ಪರದೆಯ ಸಂಕೇತ) 0 ಎಂದಿದ್ದರೆ ಕರ್ನಲ್‌ಗೆ ಚೀಟಿ ದಾಖಲಿಸಲೂ ಆಗಲಿಲ್ಲ ಎಂದಾಗುತ್ತದೆ, ಆಗ ಕರೆಂಟು ಅಥವಾ ಪೂರ್ತಿ ಹೆಪ್ಪುಗಟ್ಟಿದ್ದರ ಅನುಮಾನ ನ್ಯಾಯ. ಎರಡು, ಮಿನಿಡಂಪ್ ಫೈಲುಗಳನ್ನು ಓದುವಾಗ ಸಿಗುವ ಎನ್‌ಟಿಒಎಸ್‌ಕರ್ನಲ್. ಸಿ ಡ್ರೈವಿನ ವಿಂಡೋಸ್ ಫೋಲ್ಡರ್ ಒಳಗೆ ಮಿನಿಡಂಪ್ ಎಂಬಲ್ಲಿ ಪ್ರತಿ ಪತನದ ಪಂಚನಾಮೆ ಇರುತ್ತದೆ; ಬ್ಲೂಸ್ಕ್ರೀನ್‌ವ್ಯೂನಂಥ ಉಚಿತ ಸಾಧನದಿಂದಲೋ ಮೈಕ್ರೋಸಾಫ್ಟ್‌ನದೇ ವಿನ್‌ಡಿಬಿಜಿಯಿಂದಲೋ ಓದಬಹುದು. ಅಲ್ಲಿ ಬರುವ ಆ ಹೆಸರು ಕರ್ನಲ್‌ನದೇ. ಅದನ್ನೇ ದೂರಿದರೆ ಹೆಣದ ಪಕ್ಕದಲ್ಲಿ ನಿಂತು ಪೊಲೀಸರಿಗೆ ಫೋನು ಮಾಡಿದವನನ್ನೇ ಹಿಡಿದಂತಾಗುತ್ತದೆ.

## ಡ್ರೈವರೋ ಬಿಡಿಭಾಗವೋ: ಒಂದು ಪೆನ್‌ಡ್ರೈವ್ ಪರೀಕ್ಷೆ

ಇದನ್ನು ಬೇರ್ಪಡಿಸಲು ಖರ್ಚಿಲ್ಲದ ಉಪಾಯವಿದೆ. ಉಬುಂಟುವಿನಂಥ ಲಿನಕ್ಸ್ ವ್ಯವಸ್ಥೆಯನ್ನು ಪೆನ್‌ಡ್ರೈವ್‌ಗೆ ಹಾಕಿ, ಏನನ್ನೂ ಇನ್‌ಸ್ಟಾಲ್ ಮಾಡದೆ ಅಲ್ಲಿಂದಲೇ ಯಂತ್ರವನ್ನು ಓಡಿಸಿ. ಅಲ್ಲಿ ವಿಂಡೋಸ್ ಇಲ್ಲ, ವಿಂಡೋಸ್‌ನ ಡ್ರೈವರ್‌ಗಳೂ ಇಲ್ಲ. ಯಂತ್ರ ಮಾತ್ರ ಅದೇ. ಅರ್ಧ ದಿನ ವೀಡಿಯೊ ನೋಡಿ, ನಾಲ್ಕಾರು ಕೆಲಸ ಮಾಡಿ. ಅಲ್ಲೂ ಬಿದ್ದರೆ ಬಿಡಿಭಾಗದ ಕಡೆ ತಿರುಗಿ. ಬೀಳದಿದ್ದರೆ ಡ್ರೈವರ್‌ಗಳ ಕಡೆ, ಜೊತೆಗೆ ವಿಂಡೋಸ್ ಕೂತಿರುವ ಡಿಸ್ಕಿನ ಕಡೆ.

## ಡ್ರೈವರ್‌ಗಳ ಕಡೆ ತಿರುಗಿದರೆ

2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗಿನ ಪತನಗಳನ್ನು ಮೈಕ್ರೋಸಾಫ್ಟ್ ಎಣಿಸಿದ್ದ ದಾಖಲೆಯೊಂದು ಮುಂದೆ ನ್ಯಾಯಾಲಯದ ಮೂಲಕ ಹೊರಬಂತು. ಆ ಎಣಿಕೆಯಲ್ಲಿ ಸುಮಾರು ಶೇ 29ರಷ್ಟು ಎನ್‌ವಿಡಿಯಾ ಡ್ರೈವರ್‌ಗಳ ಲೆಕ್ಕಕ್ಕೆ ಬಿದ್ದಿದ್ದವು. ವ್ಯವಸ್ಥೆ ಹೊಸದು, ಅದಕ್ಕೆ ಹೊಂದುವ ಡ್ರೈವರ್‌ಗಳು ಇನ್ನೂ ಹದಕ್ಕೆ ಬಂದಿರಲಿಲ್ಲ. ಅಂದಿನಿಂದ ವ್ಯವಸ್ಥೆ ಬಹಳ ಗಟ್ಟಿಯಾಗಿದೆ. ಆದರೂ ದೊಡ್ಡ ಅಪ್‌ಡೇಟ್ ಬಂದ ಮರುದಿನದಿಂದಲೇ ಕಾಟ ಶುರುವಾದರೆ ಗ್ರಾಫಿಕ್ಸ್ ಮತ್ತು ವೈಫೈ ಡ್ರೈವರ್‌ಗಳನ್ನು ಮೊದಲು ನೋಡುವುದು ವಾಡಿಕೆ.

ಡಿವೈಸ್ ಮ್ಯಾನೇಜರ್‌ನಲ್ಲಿ ಆ ಭಾಗದ ಮೇಲೆ ಎರಡು ಸಲ ಒತ್ತಿ, ಡ್ರೈವರ್ ಪುಟದಲ್ಲಿರುವ ರೋಲ್ ಬ್ಯಾಕ್ ಬಳಸಿದರೆ ಹಿಂದಿನ ಆವೃತ್ತಿಗೆ ಮರಳಬಹುದು. ಹೊಸದನ್ನು ಹಾಕುವುದಾದರೆ ಲ್ಯಾಪ್‌ಟಾಪ್ ಕಂಪನಿಯ ತಾಣದಲ್ಲಿ ನಿಮ್ಮ ಮಾದರಿಯ ಸಂಖ್ಯೆ ಹಾಕಿ ತೆಗೆದುಕೊಳ್ಳಿ. "ಎಲ್ಲ ಡ್ರೈವರ್‌ಗಳನ್ನೂ ಒಂದೇ ಕ್ಲಿಕ್ಕಿಗೆ ನವೀಕರಿಸುತ್ತೇವೆ" ಎನ್ನುವ ತಂತ್ರಾಂಶಗಳಿಂದ ದೂರವಿರಿ. ಸರಿಯಿದ್ದದ್ದನ್ನೂ ಬದಲಿಸಿ, ಆಮೇಲೆ ಯಾವುದರಿಂದ ಏನಾಯಿತೆಂದೇ ತಿಳಿಯದಂತೆ ಮಾಡುತ್ತವೆ. ಸೇಫ್ ಮೋಡ್‌ನಲ್ಲಿ ವಿಂಡೋಸ್ ತೀರ ಅಗತ್ಯದ ಡ್ರೈವರ್‌ಗಳನ್ನಷ್ಟೇ ಕರೆಯುತ್ತದೆ. ಅಲ್ಲಿ ಗಂಟೆಗಟ್ಟಲೆ ಸರಿಯಾಗಿದ್ದರೆ ಉಳಿದವುಗಳಲ್ಲಿ ಯಾರೋ ಒಬ್ಬರದು ತಪ್ಪಿರುವ ಸಂಭವ ಹೆಚ್ಚು.

ಯಾರದೆಂದು ಕಂಡುಕೊಳ್ಳಲು ವಿಂಡೋಸ್‌ನೊಳಗೇ ಡ್ರೈವರ್ ವೆರಿಫೈಯರ್ ಇದೆ. ಅದು ಡ್ರೈವರ್‌ಗಳನ್ನು ಬೇಕೆಂದೇ ಸತಾಯಿಸಿ, ತಪ್ಪಿದವರನ್ನು ಸ್ಥಳದಲ್ಲೇ ಹಿಡಿದು ನೀಲಿ ಪರದೆ ತೋರಿಸುತ್ತದೆ. ಎಷ್ಟೋ ಸಲ ವಿಂಡೋಸ್ ತೆರೆಯುವ ಮೊದಲೇ ಬಿದ್ದು ಅದೇ ಸುತ್ತಿನಲ್ಲಿ ಸಿಕ್ಕಿಕೊಳ್ಳುವುದರಿಂದ ಮುಖ್ಯ ಫೈಲುಗಳ ನಕಲು ಮತ್ತು ರಿಸ್ಟೋರ್ ಪಾಯಿಂಟ್ (ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸುವ ಗುರುತು) ಎರಡೂ ಮೊದಲೇ ಇರಬೇಕು. ಸೇಫ್ ಮೋಡ್‌ಗೆ ಹೋಗಿ ಅದನ್ನು ಆರಿಸುವ ಬಗೆ ಗೊತ್ತಿಲ್ಲದವರು ಮುಟ್ಟದಿರುವುದು ಕ್ಷೇಮ.

## ಬಿಡಿಭಾಗಗಳ ಕಡೆ ತಿರುಗಿದರೆ

ಮನೆಯ ಎಂಸಿಬಿ ಪದೇ ಪದೇ ಟ್ರಿಪ್ ಆದಾಗ ಏನು ಮಾಡುತ್ತೇವೆ? ಎಲ್ಲ ಪ್ಲಗ್ ಕಿತ್ತು, ಒಂದೊಂದೇ ಹಾಕುತ್ತ ಬರುತ್ತೇವೆ. ಗೀಸರ್ ಹಾಕಿದಾಗ ಟ್ರಿಪ್ ಆದರೆ ಕಳ್ಳ ಸಿಕ್ಕಿದ. ಇಲ್ಲೂ ಅದೇ ಕ್ರಮ. ಒಂದು ಸಲಕ್ಕೆ ಒಂದೇ ಬದಲಾವಣೆ. ಒಂದೇ ಸಂಜೆ ರ‍್ಯಾಮ್ ಬದಲಿಸಿ, ಪ್ರೊಸೆಸರಿನ ಬಿಸಿ ಸಾಗಿಸುವ ಥರ್ಮಲ್ ಪೇಸ್ಟ್ ಹಚ್ಚಿ, ವಿಂಡೋಸ್ ಹೊಸದಾಗಿ ಹಾಕಿದರೆ ಸರಿಯಾದರೂ ಯಾವುದರಿಂದ ಸರಿಯಾಯಿತೆಂದು ತಿಳಿಯದು.

ರ‍್ಯಾಮ್‌ನಿಂದ ಶುರು ಮಾಡಬಹುದು. ಕಿರಾಣಿ ಅಂಗಡಿಯ ಸಾಲದ ಪುಸ್ತಕದಲ್ಲಿ ಒಂದು ಅಂಕಿ ತನ್ನಷ್ಟಕ್ಕೆ ಬದಲಾದರೆ ಹೇಗೋ ಹಾಗೆ, ರ‍್ಯಾಮ್‌ನಲ್ಲಿ ಒಂದು 0 ತಾನಾಗಿ 1 ಆಗಿಬಿಡುತ್ತದೆ. 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೆಕ್‌ನಲ್ಲಿ ಮತಯಂತ್ರ ಒಬ್ಬ ಅಭ್ಯರ್ಥಿಗೆ 4,096 ಮತ ಹೆಚ್ಚು ತೋರಿಸಿತು. ಸಾಧ್ಯವಿದ್ದದ್ದಕ್ಕಿಂತ ಹೆಚ್ಚು ಮತ ಕಂಡಿದ್ದರಿಂದ ಸಿಕ್ಕಿಬಿತ್ತು. 4,096 ಎಂದರೆ 2ನ್ನು 12 ಸಲ ಗುಣಿಸಿದ್ದು, ಒಂದೇ ಒಂದು ಬಿಟ್ (0 ಅಥವಾ 1) ತಿರುಗಿದರೆ ಬರುವ ವ್ಯತ್ಯಾಸ. ಬಾಹ್ಯಾಕಾಶದಿಂದ ಬಂದ ಕಣವೊಂದು ಬಡಿದಿರಬಹುದೆಂಬ ಊಹೆ ಆಗ ಪ್ರಸಿದ್ಧವಾಯಿತು. ನಮ್ಮ ಮನೆಯ ಯಂತ್ರ ವಾರಕ್ಕೆರಡು ಸಲ ಬೀಳುತ್ತಿದ್ದರೆ ಬಾಹ್ಯಾಕಾಶವನ್ನು ದೂರುವ ಮೊದಲು ರ‍್ಯಾಮ್ ಪರೀಕ್ಷಿಸಬೇಕು.

ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಒಂದು ಮೇಲುಮೇಲಿನ ನೋಟ. ಮೆಮ್‌ಟೆಸ್ಟ್86 ಪ್ಲಸ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸುವುದು ನಿಜವಾದ ಪರೀಕ್ಷೆ. ಬೆಳಿಗ್ಗೆ ಒಂದೇ ಒಂದು ದೋಷ ಕಂಡರೂ ಅದು ನಪಾಸು. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಚಾಲೂ ಇದ್ದರೆ ಆರಿಸಿ ಇನ್ನೊಮ್ಮೆ ನೋಡಿ. ಅದು ರ‍್ಯಾಮ್ ಅನ್ನು ಮಾಮೂಲಿಗಿಂತ ಜೋರಾಗಿ ಓಡಿಸುವ ಏರ್ಪಾಡು, ಎಲ್ಲ ಯಂತ್ರಕ್ಕೂ ಒಗ್ಗುವುದಿಲ್ಲ. ಎರಡು ಕಡ್ಡಿಗಳಿದ್ದರೆ ಒಂದನ್ನು ತೆಗೆದಿಟ್ಟು ಪರೀಕ್ಷಿಸಿ, ಆಮೇಲೆ ಅದಲುಬದಲು ಮಾಡಿ. ಯಾವ ಕಡ್ಡಿ ಹಾಕಿದರೂ ಒಂದೇ ಸ್ಲಾಟಿನಲ್ಲಿ ದೋಷ ಬಂದರೆ ಕೆಟ್ಟಿರುವುದು ಸ್ಲಾಟು. ಕರಾವಳಿಯ ತೇವದಲ್ಲಿ ರ‍್ಯಾಮ್‌ನ ಹೊಂಬಣ್ಣದ ಅಂಚು ಮಂಕಾಗಿ ಸಂಪರ್ಕ ತಪ್ಪುವುದು ಸಾಮಾನ್ಯ. ಕರೆಂಟು ಪೂರ್ತಿ ತೆಗೆದು, ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ ಮತ್ತೆ ಬಿಗಿಯಾಗಿ ಕೂರಿಸಿದ್ದರಿಂದಲೇ ಗುಣವಾದ ಯಂತ್ರಗಳು ಎಷ್ಟೋ.

ಕರೆಂಟಿನ ವಿಷಯ ನಮ್ಮಲ್ಲಿ ಇನ್ನೂ ಸ್ವಾರಸ್ಯದ್ದು. ಕೆಳಗಿನ ಮನೆಯವರು ನಲ್ಲಿ ತಿರುಗಿಸಿದರೆ ಮೇಲಿನ ಮನೆಯ ಶವರ್ ಸಣ್ಣಗಾಗುವಂತೆ, ಗ್ರಾಫಿಕ್ಸ್ ಕಾರ್ಡ್ ಒಮ್ಮೆಲೇ ಜೋರಾಗಿ ಎಳೆದಾಗ ಸೋತ ಎಸ್‌ಎಂಪಿಎಸ್‌ನ ಒತ್ತಡ ಕುಸಿಯುತ್ತದೆ. 12 ವೋಲ್ಟ್ ತಂತಿಯಲ್ಲಿ 11.4ರಿಂದ 12.6ರ ತನಕ ಏರಿಳಿತಕ್ಕೆ ಅವಕಾಶ, ಅದಕ್ಕಿಂತ ಕೆಳಗೆ ಜಾರಿದರೆ ಯಂತ್ರ ಫಕ್ಕನೆ ಆರಬಹುದು. ಆಟ ಅಥವಾ ವೀಡಿಯೊ ಎಡಿಟಿಂಗ್ ಹೊತ್ತಿಗೇ ಹೀಗಾದರೆ ಒಳ್ಳೆಯ ಎಸ್‌ಎಂಪಿಎಸ್ ಒಂದನ್ನು ಎರವಲು ತಂದು ಹಾಕಿ ನೋಡುವುದೇ ಸುಲಭದ ಪರೀಕ್ಷೆ. ಕರೆಂಟು ಹೋದಾಗಷ್ಟೇ ರೀಸ್ಟಾರ್ಟ್ ಆಗುತ್ತಿದ್ದರೆ ಇನ್ವರ್ಟರ್ ನೋಡಿ. ಅನೇಕ ಇನ್ವರ್ಟರ್‌ಗಳಲ್ಲಿ ನಾರ್ಮಲ್ ಮತ್ತು ಯುಪಿಎಸ್ ಎಂಬ ಎರಡು ಸ್ಥಿತಿಗಳ ಸ್ವಿಚ್ ಇರುತ್ತದೆ. ನಾರ್ಮಲ್‌ನಲ್ಲಿ ಬದಲಾಗುವ ಹೊತ್ತಿನ ಆ ಅರೆಗಳಿಗೆ ಫ್ಯಾನಿಗೆ ಗೊತ್ತೇ ಆಗುವುದಿಲ್ಲ, ಕಂಪ್ಯೂಟರಿಗೆ ಅದೇ ಬಹಳ.

ಬಿಸಿಯದು ಸರಳ. ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದರೆ ಮೊದಲು ನಿಧಾನವಾಗುತ್ತದೆ, ಆಮೇಲೆ ತನ್ನನ್ನು ಉಳಿಸಿಕೊಳ್ಳಲು ಯಂತ್ರವನ್ನೇ ಆರಿಸುತ್ತದೆ. ಹಾಸಿಗೆಯ ಮೇಲಿಟ್ಟ ಲ್ಯಾಪ್‌ಟಾಪ್, ದೂಳು ಕಟ್ಟಿದ ಫ್ಯಾನ್, ಒಣಗಿದ ಥರ್ಮಲ್ ಪೇಸ್ಟ್. ಸಾಮಾನ್ಯ ಕಾರಣಗಳು ಇವೇ. ಡಿಸ್ಕಿಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಬರೆದಿಡುವ ಲೆಕ್ಕ) ಓದಿ. ಅಲ್ಲಿ ಎಚ್ಚರಿಕೆ ಕಂಡರೆ ಪರೀಕ್ಷೆ ಅಲ್ಲಿಗೇ ಬಿಟ್ಟು ಮೊದಲು ಫೈಲುಗಳನ್ನು ಬೇರೆಡೆ ನಕಲು ಮಾಡಿ.

## ಅಂಗಡಿಗೆ ಹೋಗುವುದೇ ಆದರೆ

ಬೆಂಗಳೂರಿನ ಎಸ್.ಪಿ. ರೋಡಿಗೋ ಊರಿನ ಅಂಗಡಿಗೋ ಹೋಗುವಾಗ ಆ ನೋಟ್‌ಬುಕ್ಕನ್ನೂ ಫೋಟೋಗಳನ್ನೂ ಒಯ್ಯಿರಿ. "ಆಗಾಗ ಆಫ್ ಆಗುತ್ತೆ" ಎನ್ನುವುದಕ್ಕೂ "ಒಂದು ಕಡ್ಡಿ ತೆಗೆದರೆ ಬೀಳಲ್ಲ, ಎರಡೂ ಹಾಕಿದರೆ ಅರ್ಧ ಗಂಟೆಯಲ್ಲಿ ಬೀಳುತ್ತೆ" ಎನ್ನುವುದಕ್ಕೂ ಬಿಲ್ಲಿನಲ್ಲಿ ವ್ಯತ್ಯಾಸ ಕಾಣುತ್ತದೆ. ರ‍್ಯಾಮ್ ಮೇಲೆ ಹಲವು ಕಂಪನಿಗಳು ದೀರ್ಘ ವಾರಂಟಿ ಕೊಡುತ್ತವೆ, ಹಳೆಯ ಬಿಲ್ ಹುಡುಕಿಟ್ಟುಕೊಳ್ಳಿ.

ಹೇಗೋ ಸರಿಹೋಯಿತು, ಮುಂದಿನ ಸಲ ನೋಡಿಕೊಳ್ಳೋಣ ಎಂದು ಬಿಡುವ ಮುಂಚೆ ಒಂದು ಲೆಕ್ಕ. ಸುಮಾರು 10 ಲಕ್ಷ ಮನೆಬಳಕೆಯ ಕಂಪ್ಯೂಟರ್‌ಗಳ ಪತನಗಳನ್ನು ಮೈಕ್ರೋಸಾಫ್ಟ್ ಸಂಶೋಧಕರು 2011ರಲ್ಲಿ ವಿಶ್ಲೇಷಿಸಿದ್ದರು. ಬಿಡಿಭಾಗದ ದೋಷದಿಂದ ಒಮ್ಮೆ ಬಿದ್ದ ಯಂತ್ರ ಮತ್ತೆ ಬೀಳುವ ಸಂಭವ, ಎಂದೂ ಬೀಳದ ಯಂತ್ರಕ್ಕಿಂತ ಕೆಲವು ದೋಷಗಳಲ್ಲಿ ನೂರು ಪಟ್ಟಿನ ತನಕ ಹೆಚ್ಚಿತ್ತು. ಹಾಗಾಗಿ ದುರಸ್ತಿ ಆಯಿತೆಂದು ತೀರ್ಮಾನಿಸಲು ಒಂದು ದಿನ ಸಾಲದು. ವಾರಕ್ಕೆರಡು ಸಲ ಬೀಳುತ್ತಿದ್ದ ಯಂತ್ರವಾದರೆ ಮೂರು ವಾರವಾದರೂ, ಮೊದಲು ಬೀಳುತ್ತಿದ್ದ ಅದೇ ಕೆಲಸವನ್ನು ಅದರಿಂದ ಮಾಡಿಸುತ್ತ, ನೋಟ್‌ಬುಕ್ ಪಕ್ಕದಲ್ಲೇ ಇಟ್ಟುಕೊಂಡು ಕಾಯಬೇಕು.